ಡಾಕ್ಟರಿಗೊಂದು ಕೆಲಸ

ದರ್ಜಿ ಅಂಗಡಿಯ ಬೆಂಚಿನ ಮೇಲೆ, ಹೆಗಲಿಗೊರಗಿ ನಿದ್ದೆಹೋದ ಕೂಸಿನ ಬೆನ್ನು ಸವರುತ್ತಾ ತಾಯಿಯೊಬ್ಬಳು ಕುಳಿತಿದ್ದಳು. ಪಕ್ಕದಲ್ಲೇ ಒಬ್ಬ ಅಕ್ಕ, ತಮ್ಮ ಜಗಳಕ್ಕಿಳಿದಿದ್ದರು. ಸಂಜೆ ಅವರದೊಂದು ನಾಟಕ. ಬರೆದವನೂ ತಮ್ಮನೇ, ಹೀರೋನೂ ತಮ್ಮನೇ. ಅಕ್ಕನ ಡಾಕ್ಟರ್ ಕೋಟಿಗೆ ದರ್ಜಿ ಗುಂಡಿ ಹಾಕುತ್ತಿದ್ದ.

“ಆ ಕೋಟೂ ನೀನೇ ಹಾಕ್ಕೋ. ನಾನು ಬರಲ್ಲ.”

“ಅಕ್ಕಾ, ಸಂಜೆ ನಾಟಕ ಇಟ್ಕೊಂಡು ಹೀಗಂದ್ರೆ?”

“ಮೂವತ್ತು ಜನ ರೌಡಿಗಳನ್ನ ಒಬ್ಬನೇ ಹೊಡೀತೀಯ, ಹೊಡಿ. ಗಾಯಕ್ಕೆ ಹೊಲಿಗೆನೂ ನೀನೇ ಹಾಕ್ಕೊಂಡ್ರೆ ಡಾಕ್ಟರು ಯಾಕೋ?”

“ನೀನು ‘ಅಬ್ಬಾ, ಎಂಥಾ ಧೈರ್ಯ!’ ಅಂತೀಯಲ್ಲ.”

“ಅಂತೀನಿ, ನಾಲ್ಕು ಸಲ. ಅದನ್ನ ನೋಡೋಕೆ ನಮ್ಮತ್ತೆ ಬೇರೆ ಬರ್ತಿದ್ದಾರೆ ಕಣೋ!”

“ಅವನು ಹೀರೋ ಅಕ್ಕಾ. ಅವನ ಕೈಲಾಗದೇ ಇರೋದು ಏನಿದೆ ಹೇಳು?”

“ಗಾಯ ಬೆನ್ನಿಗಾಗ್ಲಿ. ಕೈ ಎಟುಕುತ್ತಾ ನೋಡೋಣ.”

ತಮ್ಮ ಬಲಗೈಯನ್ನು ಬೆನ್ನ ಹಿಂದೆ ತಿರುಚಿ ನೋಡಿದ. ಎಡಗೈಯನ್ನು ಹೆಗಲ ಮೇಲಿಂದ ಇಳಿಸಿ ನೋಡಿದ. ಎಟುಕಲಿಲ್ಲ. ದರ್ಜಿ ಕಿಸಕ್ಕನೆ ನಕ್ಕ. ಕೂಸು ಎದ್ದೀತೆಂದು ತಾಯಿ ತುಟಿ ಕಚ್ಚಿ ನಗು ನುಂಗಿಕೊಂಡಳು.

“ಸರಿ, ಮಾರಾಯ್ತಿ. ಮೂರು ಹೊಲಿಗೆ ಹಾಕು.”

“ಏಳು. ಅವನು ಅಳಬೇಕು.”

“ಐದು. ಹೀರೋ ಅಳಲ್ಲ ಅಕ್ಕಾ!”

“ನಾನು ಸೂಜಿ ಹಿಡಿದ್ಮೇಲೆ ಅಳದೆ ಎಲ್ಲಿಗೆ ಹೋಗ್ತಾನೆ?” ಎಂದವಳೇ ಅಕ್ಕ, ದರ್ಜಿ ಗುಂಡಿ ಹಾಕಿ ಮುಗಿಸಿ ಕೊಟ್ಟ ಕೋಟು ತೊಟ್ಟುಕೊಂಡು, ಕಾಲರ್ ಎತ್ತಿ, ಬೀದಿಗಿಳಿದಳು. ತಮ್ಮ ಇನ್ನೂ ಬೆನ್ನು ತಡಕಾಡುತ್ತಲೇ ಅವಳ ಹಿಂದೆ ಓಡಿದ.