ಒಂದೇ ಪ್ರಶ್ನೆಯ ಫಾರಂ

ಆಸ್ಟ್ರೇಲಿಯಾದ ಬಂಡಬರ್ಗ್ ಊರಿನ ಪಿಂಚಣಿ ಕಚೇರಿಯಲ್ಲಿ ಸರದಿಯ ನಂಬರಿನ ಚೀಟಿ ಹಿಡಿದು ಕೂತಿದ್ದ ಕಾಲಿನ್‌ಗೆ ಹಿಂದಿನ ಬೆಂಚಿನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅಲ್ಲಿದ್ದವಳು ಹೋದ ವಾರವಷ್ಟೇ ಗಂಡನನ್ನು ಕಳೆದುಕೊಂಡ ಬೆರಿಲ್. ಜೊತೆಗೆ ನಾದಿನಿ ನೊರೀನ್.

“ನಲವತ್ತು ಪುಟದ ಫಾರಂ ಎತ್ತಿಬಿಟ್ಟು ಎಲ್ಲಾ ಸರಳ ಮಾಡಿದಾರೆ ಕಣೇ,” ಅಂದಳು ನೊರೀನ್. “ಒಂದೇ ಪ್ರಶ್ನೆ. ಅವನು ತೀರಿಕೊಂಡಾಗ ನೀವಿಬ್ರೂ ಸಂಸಾರ ಮಾಡ್ಕೊಂಡಿದ್ರಾ? ಹೌದು ಅಂತ ಗುರುತು ಹಾಕು, ಗಂಡ ತೀರಿಕೊಂಡೋರಿಗೆ ಕೊಡೋ ಪರಿಹಾರ ಬರತ್ತೆ.”

“ಹೇಗೆ ಹಾಕ್ಲಿ? ಒಂದೇ ಮನೇಲಿದ್ರೂ ಬೇರೆಯಾಗಿದೀವಿ ಅಂತ ಇಲ್ಲೇ ಬರ್ಕೊಟ್ಟು ಹನ್ನೊಂದು ವರ್ಷ ಒಂಟಿಯವರಿಗೆ ಕೊಡೋ ಜಾಸ್ತಿ ಪಿಂಚಣಿ ತಗೊಂಡಿದೀನಿ!”

“ಸುಳ್ಳು ಬರೆದಿದ್ಯಾ?”

“ಸುಳ್ಳೆಲ್ಲಿ ಬಂತು? ನನ್ನ ಕೇಳದೆ ಕ್ಯಾರವಾನ್ ಮಾರಿ ದೋಣಿ ತಂದ ನಿನ್ನಣ್ಣ. ಅವತ್ತಿಂದ ಮಾತಿಲ್ಲ. ಅಡುಗೆಮನೆ ಮೇಜಿನ ನಡುವೆ ನಾನೇ ಗೆರೆ ಹಾಗೆ ಟೇಪ್ ಅಂಟಿಸ್ದೆ, ಈ ಕಡೆ ನಂದು, ಆ ಕಡೆ ಅವನದು. ಈ ಕಚೇರಿಯವರೇ ಮನೆಗೆ ಬಂದು ಅಳೆದು ಹೋದ್ರು.”

“ಹಾಗಾದ್ರೆ ಇಲ್ಲ ಅಂತ ಹಾಕು.”

“ಹಾಕ್ತಿದ್ದೆ. ಆದ್ರೆ ಫ್ರಿಜ್ ನನ್ನ ಕಡೆ, ಕೆಟಲ್ ಅವನ ಕಡೆ. ದಿನಾ ಬೆಳಗ್ಗೆ ನಾನು ಹಾಲು ತಂದು ಗೆರೆ ಮೇಲಿಡ್ತಿದ್ದೆ, ಅವನು ಟೀ ಮಾಡಿ ನನ್ನ ಕಪ್ ಅಲ್ಲೇ ಇಡ್ತಿದ್ದ.”

“ಮಾತಿಲ್ದೆ?”

“ಮಾತಿಲ್ದೆ.”

“ಅಯ್ಯೋ ಮಾರಾಯ್ತಿ, ಅದು ಸಂಸಾರ ಅಲ್ದೆ ಇನ್ನೇನೇ?”

“ಹಳೇ ಫಾರಮ್ಮಲ್ಲಿ ಇದನ್ನೆಲ್ಲ ಬರೆಯೋಕೆ ಅರ್ಧ ಪುಟ ಜಾಗ ಇತ್ತು.”

ಬೆರಿಲ್‌ಳ ನಂಬರು ಕೂಗಿದರು. ಅವಳು ಚೀಲ ಎತ್ತಿಕೊಂಡಳು.

“ಏನ್ ಹೇಳ್ತೀಯೇ?”

“ಇನ್ನೊಂದ್ಸಲ ಬಂದು ನೋಡಿ ಅಂತೀನಿ. ಹೋದ ಸಲ ಬರೀ ಗೆರೆ ಅಳೆದ್ರು. ಈ ಸಲ ಟೇಪ್ ಮೇಲಿರೋ ಟೀ ಕಪ್‌ನ ಕಲೆ ಎಣಿಸ್ಲಿ.”