ಕೆಂಪು ಟೋಪಿಯವನ ಮಾತು ಕೇಳಿ

ಬೇಡ, ಬೇಡ, ಬಾಯಿ ತೆಗೀಬೇಡ! ಡಾಕ್ಟ್ರು ಏನು ಹೇಳಿದಾರೆ? ಗಂಟಲಿನ ಆಪರೇಷನ್ ಅಂದ್ರೆ ತಮಾಷೆ ಅಲ್ಲ ಕಣೋ. ಪಿಸುಮಾತು ಕೂಡ ಆಡೋ ಹಾಗಿಲ್ಲ. ತಲೆ ಅಲ್ಲಾಡ್ಸು, ಕೈ ಅಲ್ಲಾಡ್ಸು, ಬೇಕಾದ್ರೆ ನನ್ನ ತಲೆಗೇ ಒಂದು ಮೊಟಕು... ಮಾತು ಮಾತ್ರ ಬೇಡ. ಗಾಜಿನ ಪೆಟ್ಟಿಗೆ ಮೇಲಿನ ಬಟ್ಟೆ ತೆಗೆದು ನೀನು ನೋಡಿಬಿಟ್ಟೆ, ಸರಿ. ಖಾಲಿ ಇದೆ, ಅದೂ ಸರಿ. ನಿನ್ನೆ ನೀನು ಮನೆಗೆ ಬಂದಾಗ 'ಬಿಲದೊಳಗೆ ಮಲಗಿದೆ, ಎಬ್ಬಿಸ್ಬೇಡ' ಅಂದೆನಲ್ಲ... ಸುಳ್ಳು. ಒಪ್ಕೊಂಡೆ. ಮತ್ತೇನು ಮಾಡ್ಲಿ? ಆಸ್ಪತ್ರೆಯಿಂದ ಬಂದ ತಮ್ಮನನ್ನ ಬಾಗಿಲಲ್ಲೇ ನಿಲ್ಲಿಸಿ 'ನಿನ್ನ ಜೇಡ ಸತ್ತೋಯ್ತು' ಅನ್ಲಾ?

ಕೂತ್ಕೋ. ಆ ಕುರ್ಚಿ ಮೇಲಿನ ಬಟ್ಟೆ ಪಕ್ಕಕ್ಕೆ ಹಾಕು. ನಾನು ಈ ಕೋಟಿನ ಒಳಬಟ್ಟೆ ಹೊಲೀತಾನೇ ಹೇಳ್ತೀನಿ, ಬ್ಯಾಂಕಿನವನು ಸಂಜೆ ಬರ್ತಾನೆ. ಹೊಲೀತಿದ್ರೆ ನನಗೆ ಮಾತು ಸಲೀಸು. ನಿನಗೆ ಗೊತ್ತಲ್ಲ.

ಹೂಂ, ಸತ್ತೋಯ್ತು. ಮಖಮಲಿ ಸತ್ತೋಯ್ತು.

ಹಾಗೆ ನೋಡ್ಬೇಡ. ನನಗೇನು ಖುಷೀನಾ? ಮೊದಲ ದಿನ ನೀನು ಅದನ್ನ ಡಬ್ಬಿಯಲ್ಲಿ ತಂದಾಗ ಶರ್ಟಿನ ಗುಂಡಿಯಷ್ಟಿತ್ತು. 'ಈ ಮನೇಲಿ ಒಂದೋ ಅದು ಇರ್ಬೇಕು, ಒಂದೋ ನಾನು' ಅಂತ ಕೂಗಾಡಿದವಳು ನಾನೇ. ಆಮೇಲೆ ಅಂಗೈಯಷ್ಟಾಗಿ ಬೆಳೆದು ಬೆನ್ನೆಲ್ಲ ಕಪ್ಪಗೆ ಮಿರಮಿರ ಅಂದಾಗ 'ಅಬ್ಬಾ, ಮಖಮಲ್ಲು ಇದ್ದ ಹಾಗಿದೆ ಕಣೋ' ಅಂದು ಹೆಸರಿಟ್ಟವಳೂ ನಾನೇ. ಹೆಸರಿಟ್ಟವಳೇ ಕೊಲ್ತಾಳಾ? ಹೇಳು... ಹೇಳ್ಬೇಡ! ಸುಮ್ನೆ ತಲೆ ಅಲ್ಲಾಡ್ಸು.

ಕೊಂದವನು ಆ ಕೆಂಪು ಟೋಪಿಯವನು. ಗೊತ್ತಲ್ಲ? ಹಾವು, ಹಲ್ಲಿ, ಜೇಡ ಎಲ್ಲದರ ವಿಡಿಯೋ ಮಾಡ್ತಾನಲ್ಲ, ಶುರುವಾದ ಕೂಡ್ಲೇ 'ಗೆಳೆಯರೇ!' ಅಂತ ಅರಚ್ತಾನಲ್ಲ, ಅವನೇ. ಊರೆಲ್ಲ ಅವನನ್ನ ನೋಡತ್ತೆ. ನೋಡ್ದೆ, ಕೆಟ್ಟೆ. ನೀನು ಗಂಟಲು ಸರಿಹೋದ ಮೇಲೆ ಮಾಡೋ ಮೊದಲ ವಿಡಿಯೋ ಇದೆಯಲ್ಲ, ಅದು ಅವನ ಮೇಲೇ ಇರ್ಬೇಕು. 'ಇವನ ಮಾತು ಕೇಳಿ ನನ್ನ ಮಖಮಲಿ ಸತ್ತಳು' ಅಂತ. ನಾನೂ ಬಂದು ಪಕ್ಕದಲ್ಲಿ ಕೂತು ಸಾಕ್ಷಿ ಹೇಳ್ತೀನಿ. ಹೂಂ ಅನ್ನು. ಒಂದೇ ಒಂದು ಸಲ ತಲೆ ಆಡಿಸ್ಬಿಡು, ನನ್ನ ಎದೆ ಮೇಲಿನ ಕಲ್ಲು ಇಳಿಯತ್ತೆ.

ಆಡ್ಸಲ್ಲ. ಸರಿ. ಪೂರ್ತಿ ಕೇಳು ಹಾಗಾದ್ರೆ.

ನೀನು ಆಸ್ಪತ್ರೆಗೆ ಹೋದೆ. ಅವತ್ತಿಂದಲೇ ಅದು ಊಟ ಬಿಡ್ತು. ಮಿಡತೆ ಹಾಕಿದ್ರೆ ಮೂಲೆಗೆ ಸರಿಯೋದು. ನಿನ್ನ ಕೊರಗು ಹಚ್ಕೊಂಡಿದೆ ಅಂದ್ಕೊಂಡೆ. ಯಾಕೆ ನಗ್ತೀಯ? ನಗ್ಬೇಡ, ಹೊಲಿಗೆ ನೋಯತ್ತೆ. ನಿನ್ನ ಗಂಟಲ ಹೊಲಿಗೆ! ಜೇಡಕ್ಕೆ ಕೊರಗು ಇರಲ್ಲ ಅಂತ ನನಗೇನು ಗೊತ್ತು, ನಾನೇನು ಜೇಡದ ಡಾಕ್ಟ್ರಾ? ಫೋನ್ ತೆಗೆದೆ. ಅಯ್ಯೋ ದೇವರೇ, ಎಷ್ಟು ಜನ! ಹಾಲು ಹಾಕೋನಿಗೂ ಒಂದು ಚಾನೆಲ್ ಇದೆಯೇನೋ ಅನ್ನಿಸ್ತು. ಒಬ್ಬಳು ಹೇಳ್ತಾಳೆ, ನೀರು ಚಿಮುಕಿಸಿ, ತೇವ ಇಲ್ದಿದ್ರೆ ಸಾಯತ್ತೆ. ಚಿಮುಕಿಸ್ದೆ. ಇಸ್ತ್ರಿಗೆ ಇಟ್ಕೊಂಡಿರೋ ಸ್ಪ್ರೇ ಬಾಟ್ಲಿ ಇದೆಯಲ್ಲ, ಅದ್ರಲ್ಲೇ. ಅದು ಮುಗಿಯೋದ್ರೊಳಗೆ ಇನ್ನೊಬ್ಬ, 'ಯಾವ ಮೂರ್ಖ ನೀರು ಚಿಮುಕಿಸೋದು, ಒಣಗಿರ್ಲಿ' ಅಂತಾನೆ. ಒರೆಸ್ದೆ. ಒಬ್ಬ ದಿನಾ ತಿನ್ನಿಸು ಅಂತಾನೆ, ಒಬ್ಬ ತಿಂಗಳಿಗೊಮ್ಮೆ ಸಾಕು ಅಂತಾನೆ. ಇನ್ನೊಬ್ಬನಿದಾನೆ, 'ಕೆಲವಕ್ಕೆ ಬೇಕು, ಕೆಲವಕ್ಕೆ ಬೇಡ' ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟು ಹೋಗ್ತಾನೆ. ಯಾರ ಮಾತು ಅಂತ ಕೇಳ್ಲಿ? ತಲೆ ಕೆಟ್ಟು ಹೋಯ್ತು ನನಗೆ!

ನೀನು ಮೆಚ್ಚೋನು ಒಬ್ಬ ಇದಾನೆ ನೋಡು, ದಪ್ಪ ಕನ್ನಡಕದ ತಾತ. ನೀನು ಕಲಿತದ್ದೆಲ್ಲ ಅವನಿಂದಲೇ ಅಂತೀಯಲ್ಲ. ಅವನದ್ದೂ ಹಾಕ್ದೆ. ಮಾತು ಮಾತಿಗೆ 'ಇದು ನನಗೆ ಗೊತ್ತಿಲ್ಲ', 'ನನ್ನ ಹತ್ರ ಒಂದು ಹೀಗೇ ಸತ್ತಿತು, ಯಾಕೆ ಅಂತ ಇನ್ನೂ ತಿಳಿದಿಲ್ಲ'... ಗೊತ್ತಿಲ್ಲ ಅನ್ನೋಕೆ ಕ್ಯಾಮೆರಾ ಮುಂದೆ ಯಾಕೆ ಕೂರ್ಬೇಕು? ತೆಗೆದುಬಿಟ್ಟೆ. ಕೆಂಪು ಟೋಪಿಯವನು ಹಾಗಲ್ಲ, ಎಲ್ಲ ಗೊತ್ತು ಅವನಿಗೆ. ಮೇಲಾಗಿ ಮಿಷನ್ ಓಡ್ತಿದ್ರೂ ಅವನ ದನಿ ಕಿವಿಗೆ ಬೀಳತ್ತೆ. ಫೋನು ಅಲ್ಲಿ ನೂಲಿನ ಡಬ್ಬಿ ಪಕ್ಕ ಮಗುಚಿಟ್ರೂ ಪ್ರತಿ ಮಾತೂ ಕೇಳತ್ತೆ.

ಏನು? ಹೂಂ, ಮಗುಚಿಟ್ಟೇ ಕೇಳ್ತೀನಿ. ಕಣ್ಣು ಫೋನಲ್ಲಿಟ್ರೆ ಸೂಜಿ ಬೆರಳಿಗೆ ಹೋಗತ್ತೆ.

ಆಮೇಲೆ ಆ ಮಧ್ಯಾಹ್ನ. ಊಟ ಮುಗಿಸಿ ಮಿಡತೆ ಡಬ್ಬಿ ಹಿಡ್ಕೊಂಡು ಹೋಗ್ತೀನಿ... ಮಖಮಲಿ ಬೆನ್ನ ಮೇಲೆ ಮಲಗಿದೆ. ಅಂಗಾತ. ಎಂಟೂ ಕಾಲು ಮೇಲೆ, ತುದಿ ಮುದುಡ್ಕೊಂಡು. ಕೂಗ್ದೆ, ಪೆಟ್ಟಿಗೆ ತಟ್ಟಿದೆ, ಅಲ್ಲಾಡಲ್ಲ. ಮುಖ ಹತ್ರ ಇಟ್ಟು ನೋಡಿದ್ರೆ ಮೈ ಪಕ್ಕದಲ್ಲಿ ಸೀಳಿದೆ! ಹೊಲಿಗೆ ಬಿಚ್ಚಿದ ಹಾಗೆ, ಉದ್ದಕ್ಕೆ. ಯಾವಾಗ ಬಿತ್ತೋ, ಎಲ್ಲಿ ಹರ್ಕೊಳ್ತೋ ಅಂದ್ಕೊಂಡು ಫೋನಿಗೆ ಓಡ್ದೆ.

ಕಣ್ಣು ಮುಚ್ಕೋಬೇಡ. ಕೇಳು.

ಕೆಂಪು ಟೋಪಿಯವನದೇ ಹಾಕ್ದೆ, 'ಸಾಯ್ತಿರೋ ಜೇಡ ಉಳಿಸೋದು ಹೇಗೆ' ಅಂತ. ಅವನು ಅರಚಿದ, 'ಕಾಲು ಮುದುಡಿದೆಯಾ? ಒಂದು ಕ್ಷಣವೂ ಕಾಯ್ಬೇಡಿ! ತೆಗೀರಿ, ಒದ್ದೆ ಪೇಪರಿನ ಮೇಲೆ ನೇರ ಕೂರ್ಸಿ!' ಅಂತ. ಕಾಯಬೇಡಿ ಅಂದ, ನಾನು ಕಾಯ್ಲಿಲ್ಲ. ಅಷ್ಟೇ ನನ್ನ ತಪ್ಪು. ದೊಡ್ಡ ಚಮಚದಲ್ಲಿ ಎತ್ತಿ ಮಗುಚಿದೆ. ಮೈ ಹೇಗಿತ್ತು ಗೊತ್ತಾ... ಬೆಣ್ಣೆ. ಬೆಣ್ಣೆಯಷ್ಟು ಮೆತ್ತಗೆ. ಒಂದು ಕಾಲು ಹಳೇ ಚರ್ಮಕ್ಕೇ ಸಿಕ್ಕಿಕೊಂಡು... ನಾನು ಎಳೀಲಿಲ್ಲ, ನಿಜವಾಗ್ಲೂ ಎಳೀಲಿಲ್ಲ, ತಾನಾಗೇ...

ಸಂಜೆ ಹೊತ್ತಿಗೆ ಹೋಯ್ತು.

ಪೊರೆ ಬಿಡ್ತಾ ಇತ್ತಂತೆ. ಹಾವಿನ ಹಾಗೆ ಅದೂ ಪೊರೆ ಬಿಡತ್ತಂತೆ, ಅಂಗಾತ ಮಲಗಿಕೊಂಡೇ ಬಿಡತ್ತಂತೆ. ಸಾಯೋ ಜೇಡ ನೇರ ಕೂತಿದ್ದು ಕಾಲನ್ನ ಹೊಟ್ಟೆ ಕೆಳಗೆ ಮುಷ್ಟಿ ಹಾಗೆ ಮಡಚ್ಕೊಳತ್ತಂತೆ. ಅದು ಬೇರೆ, ಇದು ಬೇರೆ. ಆಮೇಲೆ ತಿಳೀತು. ತಿಳಿದು ಏನು ಬಂತು? ಸಿಟ್ಟಲ್ಲಿ ಅವನ ವಿಡಿಯೋ ಮತ್ತೆ ಹಾಕಿ ಕಣ್ಣಿಟ್ಟು ನೋಡಿದ್ರೆ, ಕೊನೇಲಿ, ಬಲ್ಬಿನ ಜಾಹೀರಾತು ಮುಗಿದ ಮೇಲೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಬರ್ದಿದಾನೆ: 'ಅಂಗಾತ ಮಲಗಿದ್ದರೆ ಮುಟ್ಟಬೇಡಿ.' ನೋಡು ಅವನ ಮೋಸ! ಜೀವ ಹೋಗೋ ಮಾತನ್ನ ಅಡಿಯಲ್ಲಿ ಬರೀತಾನೆ, ಬಲ್ಬು ಕೊಳ್ಳಿ ಅನ್ನೋದನ್ನ ಗಂಟಲು ಹರ್ಕೊಂಡು ಹೇಳ್ತಾನೆ. ಅವನಿಗೆ ನಾಚಿಕೆ ಬೇಡ್ವಾ?

ನನ್ನ ಅಂಗಡಿಗೂ ಬರ್ತಾರೆ ಇಂಥವರು. ವಿಡಿಯೋ ನೋಡಿ ಅರ್ಧ ಗಂಟೇಲಿ ಲಂಗ ಹೊಲೀತೀವಿ ಅಂತ ಒಳ್ಳೇ ಬಟ್ಟೆ ಕತ್ತರಿಸಿ, ಎರಡು ತುಂಡು ಹಿಡ್ಕೊಂಡು ಅಳ್ತಾ ಬರ್ತಾರೆ. ನಾನು ಸುಮ್ನೆ ಬಿಡ್ತೀನಾ? 'ಪೂರ್ತಿ ನೋಡಿದ್ರಾ? ಅರ್ಧ ನೋಡಿ ಕತ್ತರಿ ಹಾಕಿದ್ರೆ ವಿಡಿಯೋದವನು ಏನು ಮಾಡ್ತಾನೆ?' ಅಂತ ಚೆನ್ನಾಗಿ...

ಯಾಕೆ ಹುಬ್ಬು ಏರಿಸ್ತಿದ್ದೀಯ?

ಅದು ಬೇರೆ ವಿಷಯ! ಬಟ್ಟೆ ಬೇರೆ, ಜೀವ ಬೇರೆ. ಕುಣಿಯಲಾರದವಳು ನೆಲ ಡೊಂಕು ಅಂದಳು ಅನ್ನೋ ಹಾಗೆ ನೋಡ್ಬೇಡ ನನ್ನ. ನೆಲ ಡೊಂಕೇ ಇತ್ತು! ನನ್ನ ಜಾಗದಲ್ಲಿ ಯಾರಿದ್ರೂ ಅದನ್ನೇ ಮಾಡ್ತಿದ್ರು. ಹೂಂ ಅನ್ನೋ. ನಿನ್ನ ಅಕ್ಕ ಕಣೋ ನಾನು. ತಪ್ಪು ಆ ಟೋಪಿಯವನದು ಅಂತ ಒಂದು ಸಲ ತಲೆ ಆಡ್ಸು, ಸಾಕು.

ಏನು... ನೀನಾ? ಎದೆ ಮುಟ್ಕೊಂಡು ಫೋನ್ ತೋರಿಸ್ತೀಯ... ಓ, ನಿನ್ನ ವಿಡಿಯೋನಾ? ನೋಡ್ತೀನಪ್ಪ, ನೋಡ್ದೇ ಇರ್ತೀನಾ? ಎಲ್ಲಾನೂ ನೋಡಿದೀನಿ. ನೀನು ಹಾಕಿದ ಕೂಡ್ಲೇ ಲೈಕಿನ ಹೆಬ್ಬೆಟ್ಟು ಒತ್ತೋದು ಯಾರು? ನಾನೇ. ಚೆನ್ನಾಗಿರತ್ತೆ. ಸ್ವಲ್ಪ... ನಿಧಾನ ಇರತ್ತೆ. ಸಂಗೀತ ಇಲ್ಲ, ಏನಿಲ್ಲ, ಮೆತ್ತಗೆ ಮಾತಾಡ್ತೀಯ. ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ, ಹಾಗೆ.

ಅದಾ? ಆಸ್ಪತ್ರೆಗೆ ಹೋಗೋ ಮುಂಚೆ ಕಳ್ಸಿದ್ದಾ? ಹೂಂ, ಅದೂ ನೋಡ್ದೆ. 'ನೋಡ್ದೆ, ಚೆನ್ನಾಗಿದೆ' ಅಂತ ಮೆಸೇಜ್ ಹಾಕಿದ್ದೆನಲ್ಲ. ನೀನು ಆಪರೇಷನ್ ಬಟ್ಟೆ ಹಾಕ್ಕೊಂಡು ಕೂತಿದ್ದೆ, ಆಗಲೇ ನಾನು ಉತ್ತರ ಕೊಟ್ಟೆ. ಅದ್ರಲ್ಲಿ... ಅದೇ, ಮಿಡತೆ ಎಲ್ಲಿಟ್ಟಿದೆ, ನೀರಿನ ಬಟ್ಟಲು ತೊಳಿ, ಅದೂ ಇದೂ... ಇರ್ಬೇಕು.

ಯಾಕೆ ಈಗ ಅದನ್ನ ಹಾಕ್ತಿದ್ದೀಯ? ನೋಡಿದೀನಿ ಅಂದೆನಲ್ಲ. ಕೇಳ್ಸಲ್ಲ ಬಿಡೋ, ಮಿಷನ್ ಸದ್ದು... ಈ ಅಂಚು ಒಂದು ಮುಗೀಲಿ... ಏಯ್! ಚಕ್ರದ ಮೇಲೆ ಕೈ ಇಡ್ತಾರಾ? ಸೂಜಿ ಮುರಿಯತ್ತೆ! ಆಯ್ತು, ಆಯ್ತು, ಪೆಡಲ್ ಬಿಟ್ಟೆ. ತಗೋ.

...

ನಿನ್ನ ದನಿ. ಹಳೇ ದನಿ.

ಏನಂದೆ? ಇರು, ಏನಂದೆ ಅದ್ರಲ್ಲಿ... 'ಅಕ್ಕಾ, ಮೊದಲು ಮಿಷನ್ ನಿಲ್ಸು. ನಿಲ್ಸಿದ್ಯಾ?'

ಮಾತು ನಿಲ್ಲಿಸಿಕೊಂಡು ಕೂತಿದೀಯಲ್ಲೋ ವಿಡಿಯೋದಲ್ಲಿ. ಉತ್ತರಕ್ಕೆ ಕಾಯ್ತಾ ಇರೋ ಹಾಗೆ ಕ್ಯಾಮೆರಾ ನೋಡ್ತಾ ಕೂತಿದೀಯ.

'ಒಂದು ದಿನ ಇವಳು ಅಂಗಾತ ಮಲಗ್ತಾಳೆ. ನೀನು ಹೆದರ್ತೀಯ. ಹೆದರ್ಬೇಡ. ಬಟ್ಟೆ ಬದಲಾಯಿಸ್ತಿದಾಳೆ ಅಷ್ಟೇ. ನಿನ್ನ ಟ್ರಯಲ್ ರೂಮಿನೊಳಗೆ ಯಾರಾದ್ರೂ ಇದ್ರೆ ಪರದೆ ಎಳೀತೀಯಾ? ಹಾಗೇ ಇದೂ. ಅವಳೇ ಹೊರಗೆ ಬರ್ತಾಳೆ. ಸುಮ್ನೆ ಹೋಗಿ ನಿನ್ನ ಕೆಲಸ ಮಾಡು.'

ನಿಲ್ಸು. ಸಾಕು, ನಿಲ್ಸೋ.

ಇಷ್ಟೇ ಇತ್ತಾ? ಇಷ್ಟು ಸಣ್ಣದಾ ಅದು? ನನಗೆ... ಕಳ್ಸಿದ ದಿನ ಒತ್ತಿದ್ದು ನಿಜ ಕಣೋ. ಒತ್ತಿ ನೂಲಿನ ಡಬ್ಬಿ ಪಕ್ಕ ಮಗುಚಿಟ್ಟೆ. ಅದರ ಪಾಡಿಗೆ ಅದು ಓಡ್ತು. ನಿನ್ನದು ಎಲ್ಲಾನೂ ಹಾಗೇ... ಒತ್ತೋದು, ಮಗುಚೋದು. ನಿನ್ನ ದನಿ ಮಿಷನ್ ದಾಟಿ ಬರಲ್ವಲ್ಲ! ನಾನೇನು ಮಾಡ್ಲಿ? ನೀನೂ ಸ್ವಲ್ಪ ಅರಚ್ಬಾರದಾಗಿತ್ತಾ?

ಬೈಯೋ. ಕಣ್ಣು ಕೆಳಗೆ ಹಾಕಿ ಕೂರ್ಬೇಡ, ಬೈಯೋ ನನ್ನ.

ಮಾತಾಡಬಹುದು ಕಣೋ ನೀನು. ಬೆಳಿಗ್ಗೇನೇ ನರ್ಸಮ್ಮ ಫೋನ್ ಮಾಡಿದ್ರು, ಇವತ್ತಿಂದ ಮೆತ್ತಗೆ ಮಾತಾಡ್ಲಿ ಅಂದ್ರು. ನಾನೇ ಹೇಳ್ಲಿಲ್ಲ. ನಂದು ಎಲ್ಲಾ ಹೇಳಿ ಮುಗಿಸ್ಕೊಂಡು ಆಮೇಲೆ ಹೇಳಿದ್ರಾಯ್ತು ಅಂತ... ಬಾಯಿ ತೆಗೆದ್ರೆ ನೀನು ಮೊದಲು 'ನನ್ನ ವಿಡಿಯೋ ನೋಡಿದ್ಯಾ' ಅಂತಲೇ ಕೇಳ್ತೀಯ ಅಂತ ನನಗೆ ಗೊತ್ತಿತ್ತು.

ಏನು, ತಲೆ ಆಡಿಸ್ತೀಯ... ಗೊತ್ತಿತ್ತಾ? ನಿನಗೂ ಹೇಳಿದ್ರಾ? ನಿನ್ನೆ ಅಲ್ಲಿಂದ ಹೊರಡೋವಾಗಲೇ?

ಹಾಗಿದ್ರೆ ಇಷ್ಟು ಹೊತ್ತು ಯಾಕೆ... ನಾನು ಬಾಯಿ ತೆಗೀಬೇಡ ಅಂದಾಗೆಲ್ಲ ಯಾಕೆ ಸುಮ್ನಿದ್ದೆ?

ಏನಾದ್ರೂ ಹೇಳೋ. ಹೊಸ ದನಿ ಹೇಗಿದ್ರೂ ಪರವಾಗಿಲ್ಲ, ಒಡೆದಿದ್ರೂ ಪರವಾಗಿಲ್ಲ. ಒಂದು ಮಾತು. ಅಕ್ಕಾ ಅನ್ನು, ಕೊಂದೆ ಅನ್ನು, ಏನಾದ್ರೂ... ಕೇಳಿಸ್ಕೋತೀನಿ ಕಣೋ.

ನೋಡು, ಪ್ಲಗ್ಗೂ ಕಿತ್ತೆ. ನಿಲ್ಸಿದೀನಿ. ಮಿಷನ್ ನಿಲ್ಸಿದೀನಿ.