ಹಕ್ಕಿ ಹೊಡೆಯುವ ಪಿಸ್ತೂಲು

ಅಂಬರೇಶ ನಮ್ಮ ಸೋದರತ್ತೆಯ ಮಗ. ಸುಳ್ಳು ಹೇಳುವ ಪೈಕಿ ಅಲ್ಲ. ಸುಳ್ಳು ಹೇಳುವಷ್ಟು ಮಾತೇ ಅವನ ಬಾಯಿಂದ ಹೊರಡುವುದಿಲ್ಲ. ಇದನ್ನು ಅವನು ನನಗೆ ಹೇಳಿದ್ದು ಒಂದೇ ಸಲ. ಮತ್ತೆ ಕೇಳಿದರೆ ಎದ್ದು ಹೋಗುತ್ತಾನೆ. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ನಗು ಬರುವುದಿಲ್ಲ.

ಹೋದ ವರ್ಷದ ಮಾತು. ರಾಯಚೂರಿನಿಂದ ಬಂದ ಕೊನೆಯ ಬಸ್ಸು ಅವನನ್ನು ಮಲ್ಲಟದ ಹೊರಗೆ ಇಳಿಸಿ ಹೋದಾಗ ರಾತ್ರಿ ಹತ್ತೂವರೆ. ಬಸ್ಸಿನ ಸದ್ದು ದೂರವಾಯಿತು... ಆಮೇಲೆ ಏನೂ ಇಲ್ಲ. ನಾಯಿ ಕೂಡ ಬೊಗಳಲಿಲ್ಲ. ಅವನ ತಲೆಯ ಮೇಲೆ ಹದಿನಾಲ್ಕು ಇಂಚಿನ ಹಳೇ ಡಬ್ಬಾ ಟಿವಿ, ಹೆಗಲಿಗೆ ಒಂದು ಕೈಚೀಲ. ಚೀಲದಲ್ಲಿ ವಿಡಿಯೋ ಗೇಮು, ಅದಕ್ಕೊಂದು ಪ್ಲಾಸ್ಟಿಕ್ ಪಿಸ್ತೂಲು.

ಅವನ ಈ ಹುಚ್ಚು ಮನೆಮಂದಿಗೆಲ್ಲ ಗೊತ್ತಿದ್ದದ್ದೇ. ಮಾನ್ವಿಯ ರೈಸ್ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ. ಹನ್ನೆರಡು ತಾಸು ಬೆಂಕಿಯ ಮುಂದೆ ನಿಂತು ಬಂದವನಿಗೆ ಬೇಕಾಗಿದ್ದದ್ದು ಒಂದೇ, ಚಿಕ್ಕಂದಿನಲ್ಲಿ ಆಡಿದ ಆಟ. ಕ್ಯಾಸೆಟ್ಟು ತುರುಕಿ, ಹಿಡಿಯದಿದ್ದರೆ ಬಾಯಿಂದ ಊದಿ, ಮತ್ತೆ ತುರುಕಿ ಆಡುವಂಥದ್ದು. ಅವನ ಹೆಂಡತಿಯ ತಮ್ಮ ಶಿವರಾಜ ದೇವದುರ್ಗದಿಂದ ಬಂದಾಗಲೆಲ್ಲ ತನ್ನ ಫೋನು ಹಿಡಿದು ಕಾಡಿಸುತ್ತಿದ್ದ.

"ಮಾಮಾ, ಯಾವ ಜಮಾನಾದಾಗ ಅದೀರಿ? ಹೊಸಾವು ಬಂದಾವ ನೋಡ್ರಿ, ಖರೇ ಮನಷ್ಯಾರಂಗ ಕಾಣಿಸ್ತಾರ."

"ನೀ ಒಂದು ಕಲಿಯೋದ್ರಾಗ ಇನ್ನೊಂದು ಬರ್ತದ. ಅದನ್ನ ಹಿಡಿಯೋದ್ರಾಗ ಮತ್ತೊಂದು. ನೀ ಆಡಾಕತ್ತೀಯೋ, ಅದರ ಬೆನ್ನ ಹತ್ತಿ ಓಡಾಕತ್ತೀಯೋ?" ಅಂತಿದ್ದ ಅಂಬರೇಶ. "ನನ್ನ ಹಕ್ಕಿ ಇಪ್ಪತ್ತೈದು ವರ್ಷದ ಹಿಂದ ಎಲ್ಲಿಂದ ಹಾರ್ತಿತ್ತೋ ಈಗೂ ಅಲ್ಲಿಂದನ ಹಾರ್ತದ. ನಂಗಷ್ಟ ಸಾಕು."

ಆ ಹಕ್ಕಿ ಹೊಡೆಯುವ ಆಟಕ್ಕಾಗಿಯೇ ಅವನು ರಾಯಚೂರಿಗೆ ಹೋಗಿದ್ದದ್ದು. ಅಲ್ಲಿ ತೀನ್ ಕಂದೀಲ್ ವೃತ್ತದ ಹತ್ತಿರ ಮುಕರ್ರಂ ಚಾಚಾನದು ಹಳೇ ಟಿವಿ ರಿಪೇರಿಯ ಅಂಗಡಿ. ಪಿಸ್ತೂಲು ಕೊಡುವಾಗ ಚಾಚಾ ಬಿಡಿಸಿ ಹೇಳಿದ್ದ: "ಹೊಸಾ ಟಿವಿಗೆ ಇದು ನಡಿಯಾದಿಲ್ಲ ಬೇಟಾ, ಡಬ್ಬಾ ಟಿವಿನ ಬೇಕು. ಇದರೊಳಗ ಗೋಲಿ ಇಲ್ಲ, ಒಂದು ಕಣ್ಣು ಅದ ಅಷ್ಟ. ಪಿಸ್ತೂಲಿನ ಕುದುರಿ ಒತ್ತಿದಾಗ ಅದರ ಮುಂದ ಬೆಳಕು ಕಂಡ್ರ ಹಕ್ಕಿ ಬೀಳ್ತದ. ಕತ್ತಲಿ ಕಂಡ್ರ ಬೀಳಾದಿಲ್ಲ." ಅಂಬರೇಶ ನಕ್ಕ. ಅವನಿಗೇನು ಗೊತ್ತಿಲ್ಲದ್ದೇ? ಚಿಕ್ಕವನಿದ್ದಾಗ ಟಿವಿ ಬಿಟ್ಟು ಉರಿಯುವ ಬಲ್ಬಿಗೆ ಗುರಿಯಿಟ್ಟು ಎಷ್ಟು ಹಕ್ಕಿ ಬೀಳಿಸಿ ಗೆಳೆಯರನ್ನು ಯಾಮಾರಿಸಿರಲಿಲ್ಲ!

ಊರ ಹೊರಗೆ, ದಾರಿಯ ಎಡಕ್ಕೆ, ಹಳೇ ಬಾವಿ. ನಳ ಬಂದ ಮೇಲೆ ಯಾರೂ ಸೇದುವುದಿಲ್ಲ. ಅದರಲ್ಲಿ ಯಾರು ಬಿದ್ದಿದ್ದರು ಅಂತ ಕೇಳಬೇಡಿ. ಯಾವ ಬಾವಿಗೆ ಯಾರು ಬಿದ್ದಿಲ್ಲ? ಅಲ್ಲಿಗೆ ಬರುವಷ್ಟರಲ್ಲಿ ಅಂಬರೇಶನ ಕುತ್ತಿಗೆ ಸೋತಿತ್ತು. ಟಿವಿ ಇಳಿಸಿ ಬಾವಿ ಕಟ್ಟೆಯ ಮೇಲಿಟ್ಟ. ಬೆವರು ಒರೆಸಿಕೊಂಡ. ಮತ್ತೆ ತಲೆಗೆ ಏರಿಸಲು ಹೋದರೆ... ಏಳಲಿಲ್ಲ.

ನಮ್ಮ ಕಡೆ ಹೊರೆ ಇಳಿಸಿದವರು ದಾರಿಯಲ್ಲಿ ಹೋಗುವ ಯಾರನ್ನಾದರೂ ಕರೆದು "ಒಂದೀಟು ಕೈ ಹಚ್ರಿ" ಅನ್ನುತ್ತಾರೆ. ಕೈ ಹಚ್ಚಿದವರಿಗೆ "ಬರ್ರಿ ಮನಿಗೆ" ಅನ್ನುವುದೂ ಬಾಯಿಗೆ ಅಂಟಿದ ರೂಢಿ. ಯಾರೂ ಬರುವುದಿಲ್ಲ. ಬರಲಿ ಅಂತ ಕರೆಯುವುದೂ ಅಲ್ಲ.

ಅಂಬರೇಶ ಕತ್ತಲೆಗೇ ಅಂದ, ತಮಾಷೆಗೆ: "ಯಾರರ ಇದ್ರ ಒಂದೀಟು ಕೈ ಹಚ್ರಪಾ..."

ಟಿವಿ ಎದ್ದಿತು. ಹೂವಿನ ಬುಟ್ಟಿಯ ಹಾಗೆ ಎದ್ದಿತು. ಅವನ ಕೈ ಬರೀ ಹಿಡಿದಿತ್ತು, ಎತ್ತಿರಲಿಲ್ಲ.

ಸ್ವಲ್ಪ ಹೊತ್ತು ಸುಧಾರಿಸಿಕೊಂಡಿದ್ದಕ್ಕೆ ಹಗುರವಾಯಿತು ಅಂದುಕೊಂಡ. ಮನುಷ್ಯ ಏನಾದರೂ ಅಂದುಕೊಳ್ಳಲೇಬೇಕಲ್ಲ. ಎರಡು ಹೆಜ್ಜೆ ಹಾಕಿ, ತಿರುಗದೆಯೇ, ರೂಢಿಯ ಮೇಲೆ ಅಂದುಬಿಟ್ಟ: "ಉಪಕಾರ ಆತ್ರಿ. ಬರ್ರಿ ಮನಿಗೆ."

ಅವನ ಚಪ್ಪಲಿ ಟಪ್... ಟಪ್... ಅನ್ನುತ್ತಿತ್ತು. ಅದರ ಸಂದಿನಲ್ಲಿ ಇನ್ನೊಂದು ಸದ್ದು. ಪಚ್... ಪಚ್... ಒದ್ದೆ ಬರಿಗಾಲು ಬಂಡೆಯ ಮೇಲೆ ಇಟ್ಟ ಹಾಗೆ. ಆ ದಾರಿಯಲ್ಲಿ ಬಂಡೆ ಇಲ್ಲ. ಬರೀ ಒಣ ಮಣ್ಣು.

ಹೆಂಡತಿ ಮಲ್ಲಿಕಾ ಬಾಗಿಲು ತೆಗೆದಳು. ಏಳು ತಿಂಗಳ ಬಸುರಿ. ಇದಕ್ಕೂ ಮುಂಚೆ ಎರಡು ಕೂಸು ಹೊಟ್ಟೆಯಲ್ಲೇ ಹೋಗಿದ್ದವು. ಈ ಸಲ ಗಂಡಹೆಂಡತಿ ಇಬ್ಬರೂ ಜೋರಾಗಿ ಉಸಿರಾಡಲೂ ಹೆದರುತ್ತಿದ್ದರು.

"ಯಾರು ಬಂದಾರ ನಿಮ್ ಜೊತಿಗೆ?" ಪಿಸುಗುಟ್ಟಿದಳು.

"ಯಾರಿಲ್ಲ."

"ಇಬ್ಬರು ನಡದಂಗ ಸಪ್ಪಳ ಬಂತಲ್ರಿ..."

"ಮಕ್ಕೋ ಹೋಗು ನೀ."

ಅವಳು ಮಂಚದ ಮೇಲೆ ಮಲಗಿದಳು. ನಿದ್ದೆಯೂ ಹತ್ತಿತು. ಇವನು ಊಟ ಮಾಡಿ, ಟಿವಿಗೆ ಗೇಮು ಜೋಡಿಸಿ, ಲೈಟು ಆರಿಸಿ, ಸದ್ದು ತಗ್ಗಿಸಿ ಕೂತ. ಕುದುರೆ ಒತ್ತಿದರೆ ಚಟಕ್. ಗುರಿ ತಪ್ಪಿದರೆ ಟುಂಯ್. ಬಿದ್ದರೆ ಹಕ್ಕಿ ಸುಂಯ್ಯ್... ಅಂತ ಇಳಿದು ಧಪ್. ಇಪ್ಪತ್ತೈದು ವರ್ಷ ಒಂದೇ ಏಟಿಗೆ ಹಿಂದಕ್ಕೆ ಹೋದವು. ಅಷ್ಟು ಖುಷಿ ಅವನಿಗೆ ಎಷ್ಟೋ ದಿನದಿಂದ ಆಗಿರಲಿಲ್ಲವಂತೆ.

ನೀರು ಕುಡಿಯಲು ತಿರುಗಿದಾಗ ಪಿಸ್ತೂಲಿನ ಬಾಯಿ ಬಾಗಿಲ ಕಡೆಗಿತ್ತು. ಬೆರಳು ತಾಕಿತು. ಚಟಕ್.

ಸುಂಯ್ಯ್... ಧಪ್.

ಹಕ್ಕಿ ಬಿತ್ತು. ಬಾಗಿಲ ಹತ್ತಿರ ಬರೀ ಕತ್ತಲೆ.

ಅಂಬರೇಶ ಗೋಡೆಗೆ ಹಿಡಿದ. ಟುಂಯ್. ಸೂರಿಗೆ ಹಿಡಿದ. ಟುಂಯ್. ಮತ್ತೆ ಬಾಗಿಲಿಗೆ... ಸುಂಯ್ಯ್, ಧಪ್. ಬಾಗಿಲ ಪಕ್ಕದ ಸ್ಟೀಲಿನ ಬಿಂದಿಗೆ ಏನಾದರೂ ಹೊಳೆಯುತ್ತಿದೆಯೋ ಅಂತ ಎದ್ದು ಹೋಗಿ ಬಿಂದಿಗೆ ತೆಗೆದು ಹೊರಗಿಟ್ಟ. ಚಿಲಕಕ್ಕೆ ಟವೆಲು ಹೊದಿಸಿದ. ಬಂದು ಕೂತು ಒತ್ತಿದ.

ಟುಂಯ್.

ಬಿಂದಿಗೆಯದೇ ಆಟ ಅಂತ ಉಸಿರು ಬಿಟ್ಟ. ಮನಸ್ಸು ತಡೆಯದೆ ಉಳಿದ ಕಡೆಗೂ ಹಿಡಿಯುತ್ತಾ ಬಂದ. ಜೋಳದ ಚೀಲಕ್ಕೆ. ಟುಂಯ್. ದೇವರ ಗೂಡಿಗೆ. ಟುಂಯ್. ಮಂಚದ ಕಾಲಿನ ಹತ್ತಿರ...

ಸುಂಯ್ಯ್... ಧಪ್.

ಅವನ ಕಣ್ಣಿಗೆ ಏನೂ ಕಾಣುತ್ತಿಲ್ಲ. ಪಿಸ್ತೂಲಿನ ಕಣ್ಣಿಗೆ ಕಾಣುತ್ತಿದೆ. ಅದು ನಡೆದು ಬಂದಿದೆ. ಬಾಗಿಲಿನಿಂದ ಮಂಚಕ್ಕೆ.

ಮತ್ತೆ ಒತ್ತಿದ. ಮಂಚದ ಕಾಲಿಗೆ ಟುಂಯ್. ಒಂದು ಗೇಣು ಮೇಲೆ... ಮಲ್ಲಿಕಾಳ ಮೊಣಕಾಲಿನ ಹತ್ತಿರ... ಸುಂಯ್ಯ್, ಧಪ್. ಮಲ್ಲಿಕಾ ನಿದ್ದೆಯಲ್ಲೇ ನರಳಿ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡಳು.

ಎದೆ ಒಡೆದು ಹೋಗುವಷ್ಟು ಹೆದರಿಕೆ ಆಯಿತು ಅಂತ ಅವನೇ ಹೇಳಿದ. ಓಡಬೇಕು ಅನ್ನಿಸಿತಂತೆ, ಅದನ್ನೂ ಮುಚ್ಚಿಡಲಿಲ್ಲ. ಆದರೆ ಓಡಲಿಲ್ಲ. ಎದ್ದು ಹೋಗಿ ಮಂಚಕ್ಕೆ ಅಡ್ಡ ನಿಂತ. ನಿಂತ ಕಡೆ ನೆಲ ಒದ್ದೆ ಇತ್ತು.

"ನಾ ಕರದೀನಿ," ಅಂದ. ಮತ್ತೊಮ್ಮೆ ಅಂದ. "ನಾ ಕರದೀನಿ. ಆಕಿ ಕರದಿಲ್ಲ. ಆಕೀನ ಮುಟ್ಟಬ್ಯಾಡ... ಇರೋದಿದ್ರ ನನ್ನ ಕೂಡ ಇರು."

ಏನೂ ಆಗಲಿಲ್ಲ. ಟಿವಿಯಲ್ಲಿ ಹಕ್ಕಿ ರೆಕ್ಕೆ ಬಡಿಯುತ್ತಿತ್ತು. ಫಡ ಫಡ ಫಡ...

ಪಿಸ್ತೂಲು ಎತ್ತಿ ಮಂಚದ ಉದ್ದಕ್ಕೂ ಹಿಡಿದ. ಟುಂಯ್. ಟುಂಯ್. ಬಾಗಿಲು, ಚೀಲ, ಮೂಲೆ. ಟುಂಯ್. ಹೋಯಿತು ಅನ್ನಿಸಿತು. ಅಳು ಬಂತು. ಆಮೇಲೆ ಏನೋ ನೆನಪಾದವನ ಹಾಗೆ ಪಿಸ್ತೂಲು ತಿರುಗಿಸಿ ತನ್ನ ಎದೆಗೇ ಹಿಡಿದುಕೊಂಡ. ಚಟಕ್.

ಸುಂಯ್ಯ್... ಧಪ್.

ಬೆಳಗಾಗುತ್ತಲೇ ಮಲ್ಲಿಕಾಳನ್ನು ದೇವದುರ್ಗಕ್ಕೆ, ತವರಿಗೆ, ಕಳಿಸಿದ. ಬಾಣಂತನ ತವರಿನಲ್ಲಿ ಆಗುವುದೇ, ಯಾರಿಗೂ ಅನುಮಾನ ಬರಲಿಲ್ಲ. ತಾನು ಮಾತ್ರ ಆ ಕಡೆ ಕಾಲು ಹಾಕಲಿಲ್ಲ. ದಿನಾ ರಾತ್ರಿ ಕತ್ತಲೆಯಲ್ಲಿ ಕೂತು ಒಂದೇ ಸಲ ಎದೆಗೆ ಹಿಡಿದು ಒತ್ತುತ್ತಿದ್ದ. ಹಕ್ಕಿ ಬೀಳುತ್ತಿತ್ತು. ಬಿದ್ದರೆ ಅವನಿಗೆ ಸಮಾಧಾನ. ಇಲ್ಲೇ ಇದೆ, ಅಲ್ಲಿಗೆ ಹೋಗಿಲ್ಲ. ಆರು ಕಿಲೋ ಇಳಿದ. ಮಿಲ್ಲಿನವರು ಸಕ್ಕರೆ ಕಾಯಿಲೆ ತೋರಿಸಿಕೋ ಅಂದರು.

ಹೆಣ್ಣು ಕೂಸು ಹುಟ್ಟಿತು. ಗಟ್ಟಿಮುಟ್ಟು ಕೂಸು. ಇವನು ಹೋಗಲಿಲ್ಲ. ಅತ್ತೆ ಗದ್ದೆಮ್ಮ ಫೋನು ಮಾಡಿದಳು. "ಹೆಣ್ಣು ಹುಟ್ಯಾದಂತ ಮಾರಿ ತಿರುವೀರೇನ್ರಿ ಅಳಿಯಂದ್ರ? ನನ್ನ ಮಗಳು ದಿನಾ ಬಾಗಲಾ ನೋಡಾಕತ್ಯಾಳ."

ಆ ಮಾತು ಅವನಿಗೆ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಏನಂತ ಹೇಳುತ್ತಾನೆ? ತೊಟ್ಟಿಲಿಗೆ ಹಾಕುವ ದಿನ ಹೋದ. ಬಾಗಿಲಲ್ಲಿ ನಿಂತು ನೋಡಿ ಬರುವುದು ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಹತ್ತು ಜನರ ಮುಂದೆ ಗದ್ದೆಮ್ಮ ಕೂಸನ್ನು ತಂದು ಅವನ ಉಡಿಯಲ್ಲೇ ಇಟ್ಟುಬಿಟ್ಟಳು. "ಹಿಡೀರಿ, ನಿಮ್ಮದ."

ಕೂಸು ಅವನ ಬೆರಳು ಹಿಡಿಯಿತು. ಎರಡು ಕಳೆದುಕೊಂಡವನು ಅವನು. ಬಿಡಿಸಿಕೊಳ್ಳುವುದು ಆಗಲಿಲ್ಲ. ಚಹಾ ಆರುವ ತನಕ ಹಿಡಿದು ಕೂತ.

ಅವತ್ತು ರಾತ್ರಿ ಮಲ್ಲಟದ ಮನೆ. ಕತ್ತಲೆ. ಎದೆಗೆ ಹಿಡಿದು ಒತ್ತಿದ.

ಟುಂಯ್.

ಇನ್ನೊಮ್ಮೆ. ಟುಂಯ್. ಮತ್ತೊಮ್ಮೆ. ಟುಂಯ್. ಬಿಟ್ಟು ಹೋಯಿತು! ಖುಷಿಯಿಂದ ಎದ್ದು ನಿಂತ... ನಿಂತವನು ಹಾಗೇ ನಿಂತುಬಿಟ್ಟ. ಬಿಟ್ಟು ಎಲ್ಲಿಗೆ ಹೋಯಿತು?

ಮೊದಲ ಬಸ್ಸಿಗೆ ಹೊರಟ. ಚೀಲದಲ್ಲಿ ಗೇಮು, ಪಿಸ್ತೂಲು. ಅತ್ತೆಯ ಮನೆಯ ಅಟ್ಟದ ಮೇಲೆ ಹಳೇ ಡಬ್ಬಾ ಟಿವಿ ಇದ್ದದ್ದು ಅವನಿಗೆ ಗೊತ್ತಿತ್ತು. ಚೀಲವನ್ನು ತೊಟ್ಟಿಲ ಪಕ್ಕದ ಗೂಟಕ್ಕೆ ಹಾಕಿ, ಕತ್ತಲಾಗುವ ತನಕ ಕಟ್ಟೆಯ ಮೇಲೆ ಕೂತ. ಊಟ ಬೇಡ ಅಂದ. ಗದ್ದೆಮ್ಮ ಪಕ್ಕದ ಮನೆಗೆ ಹೋದಳು. ಶಿವರಾಜ ಊರಲ್ಲಿರಲಿಲ್ಲ. ಒಳಗೆ ಉಳಿದವರು ಅಂಬರೇಶ, ಮಲ್ಲಿಕಾ, ತೊಟ್ಟಿಲಲ್ಲಿ ಕೂಸು.

ಟಿವಿ ಇಳಿಸಿ ಹಚ್ಚಿದ. ಗೇಮು ಜೋಡಿಸಿದ. ಚೀಲಕ್ಕೆ ಕೈ ಹಾಕಿ ಪಿಸ್ತೂಲು ಎಳೆದ. ವೈರು ಅರ್ಧ ಮಾತ್ರ ಬಂತು. ಉಳಿದ ಅರ್ಧ ಚೀಲದಲ್ಲೇ ಇತ್ತು.

ಮಲ್ಲಿಕಾ ಬಂದು ನೋಡಿದಳು. ಅವಳಿಗೆ ಇವನು ಏನೂ ಹೇಳಿರಲಿಲ್ಲ. ಆದರೂ ಅವಳ ಮುಖ ಸುಣ್ಣವಾಯಿತು.

"ನೀ ಕತ್ತರಿಸಿದೇನು?" ಪಿಸುಗುಟ್ಟಿದ.

"ಇಲ್ರಿ... ನಾ ಯಾಕ..." ಅಂದವಳು ತೊಟ್ಟಿಲ ಕಡೆ ಒಮ್ಮೆ ನೋಡಿದಳು. "ಇಲಿ ಕಡದಿರಬೇಕು."

"ಹೂಂ," ಅಂದ ಅಂಬರೇಶ. "ಇಲಿನ."

ಇಬ್ಬರೂ ಅಷ್ಟು ಬೇಗ ಒಪ್ಪಿಕೊಂಡರು. ಇನ್ನು ತೊಟ್ಟಿಲಿಗೆ ಗುರಿ ಹಿಡಿದು ನೋಡುವ ಹಾಗಿಲ್ಲ. ಗೊತ್ತಾಗುವುದೂ ಇಲ್ಲ. ಅವನಿಗೆ ಎಂಥ ನಿರಾಳವಾಯಿತು ಅಂದರೆ, ಆ ನಿರಾಳಕ್ಕೆ ಇವತ್ತಿಗೂ ನಾಚಿಕೆಪಡುತ್ತಾನೆ. ಹೆತ್ತ ಅಪ್ಪ ನಾನು, ತಿಳಿಯದಿದ್ದರೇ ಒಳ್ಳೇದು ಅಂದುಕೊಂಡೆನಲ್ಲ ಅಂತ.

ಈಗ ಮೂವರೂ ಮಲ್ಲಟದಲ್ಲೇ ಇದ್ದಾರೆ. ಕೂಸು ಚೆನ್ನಾಗಿದೆ. ಅಳುವುದು ಕಡಿಮೆ.

ಮನೆಯಲ್ಲಿ ಇಟ್ಟುಕೊಳ್ಳುವುದು ಬೇಡವೆಂದು ಪಿಸ್ತೂಲನ್ನು ಮುಕರ್ರಂ ಚಾಚಾನಿಗೆ ವಾಪಸು ಕೊಡಲು ಹೋದಾಗ ಅಂಬರೇಶನ ಜೊತೆ ನಾನೂ ಇದ್ದೆ. ಇಲಿ ಕಡಿದಿದೆ ಅಂತಲೇ ಹೇಳಿದ. ಚಾಚಾ ಕನ್ನಡಕ ಏರಿಸಿ ವೈರನ್ನು ದೀಪದ ಕೆಳಗೆ ಹಿಡಿದ. ಮೂವತ್ತು ವರ್ಷ ಇಲಿ ಕಡಿದ ವೈರುಗಳನ್ನೇ ನೋಡಿಕೊಂಡು ಬಂದ ಮನುಷ್ಯ. ಇಲಿ ಮೇಲಿನ ಪ್ಲಾಸ್ಟಿಕ್ಕನ್ನು ಚೂರು ಚೂರು ಕೆರೆದು ತೆಗೆಯುತ್ತದೆ, ತಾಮ್ರ ಹಾಗೇ ಉಳಿದಿರುತ್ತದೆ ಅಂದ. ಇದರಲ್ಲಿ ತಾಮ್ರವೂ ತುಂಡಾಗಿತ್ತು. ಒಂದೇ ಕಡಿತ. ಮೇಲೆ ನಾಲ್ಕು ಹಲ್ಲಿನ ಗುರುತು, ಕೆಳಗೆ ನಾಲ್ಕು. ಮನುಷ್ಯರ ಹಲ್ಲು, ನನ್ನ ಹಲ್ಲಿನಷ್ಟೇ ಅಗಲ.

ನಾನೇ ಕಣ್ಣಾರೆ ನೋಡಿದ್ದೇನೆ. ಚಾಚಾ ಪಿಸ್ತೂಲನ್ನು ಒಂದು ಉರ್ದು ಪೇಪರಿನಲ್ಲಿ ಸುತ್ತಿ ಮೇಲಿನ ಶೆಲ್ಫಿಗೆ ಇಟ್ಟ, ಆಮೇಲೆ ಹೊರಗೆ ಹೋಗಿ ಕೈ ತೊಳೆದುಕೊಂಡು ಬಂದ. ನಂಬದವರು ಹೋಗಿ ನೋಡಬಹುದು. ಇನ್ನೂ ಅಲ್ಲೇ ಇದೆ.